ಚಿಗರಿ ಹೆಚ್ಚಿವೆಯೋ, ಚೇತರಿಸಿಕೊಂಡಿವೆಯೋ: ವನ್ಯಜೀವಿಗಳ ಚೇತರಿಕೆಯನ್ನು ಅಳೆಯುವ ಕ್ರಮ

ಬೀದರ್ ಕಡೆಯ ಹೊಲಗಳಲ್ಲಿ ಕೃಷ್ಣಮೃಗದ ಹಿಂಡು ಕಂಡಾಗ ಜನ ಎರಡು ಬಗೆಯ ಮಾತನ್ನಾಡುತ್ತಾರೆ. ಹೊಲದವರಾದರೆ “ಚಿಗರಿ ಬಾಳ ಆಗ್ಯಾವ” ಎನ್ನುತ್ತಾರೆ. ಪಟ್ಟಣದಿಂದ ಕ್ಯಾಮೆರಾ ಹಿಡಿದು ಬಂದವರಾದರೆ ಸಂರಕ್ಷಣೆ ಫಲ ಕೊಟ್ಟಿದೆ ಎಂದು ಸಂತೋಷಪಡುತ್ತಾರೆ. ಎರಡೂ ಕಣ್ಣಳತೆಯ ಮಾತುಗಳೇ. ಒಂದು ಕಡೆ ಹಿಂಡು ದೊಡ್ಡದಾಗಿ ಕಂಡದ್ದು ಅಲ್ಲಿ ಪ್ರಾಣಿ ಹೆಚ್ಚಿದ್ದರಿಂದಲೂ ಆಗಿರಬಹುದು, ಸುತ್ತಲಿನ ಹುಲ್ಲುಗಾವಲು ಉಳುಮೆಗೆ ಹೋಗಿ ಉಳಿದ ಪ್ರಾಣಿಗಳೆಲ್ಲ ಒಂದೇ ಕಡೆ ಸೇರಿದ್ದರಿಂದಲೂ ಆಗಿರಬಹುದು. ಇವೆರಡನ್ನು ಬೇರ್ಪಡಿಸಿ ಹೇಳುವುದು ಹೇಗೆ ಎಂಬುದನ್ನು ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಕಾಲೇಜು ಅಧ್ಯಾಪಕರು, ವಿದ್ಯಾರ್ಥಿಗಳು ಮತ್ತು ಪಕ್ಷಿವೀಕ್ಷಕರ ಬಳಗಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇಲ್ಲಿ ಬರೆದಿದ್ದೇನೆ.

ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿ 1964ರಿಂದ ಇದೆ. ಒಂದು ಜೀವಿ ಅಳಿವಿಗೆ ಎಷ್ಟು ಹತ್ತಿರದಲ್ಲಿದೆ ಎಂಬುದು ಅದರ ಪ್ರಶ್ನೆ. 2017ರ ಮೌಲ್ಯಮಾಪನದಲ್ಲಿ ಕೃಷ್ಣಮೃಗ ಆ ಪಟ್ಟಿಯ ‘ಕನಿಷ್ಠ ಕಳವಳ’ದ ವರ್ಗಕ್ಕೆ ಬಂದಿದೆ, ಅಂದರೆ ಅದು ಸದ್ಯಕ್ಕೆ ಅಳಿದುಹೋಗುವ ಭಯವಿಲ್ಲ. ಆದರೆ ಇದೇ ಪ್ರಾಣಿ ಬಾಂಗ್ಲಾದೇಶದಲ್ಲೂ ಪಾಕಿಸ್ತಾನದ ಬಯಲುಗಳಲ್ಲೂ ಅಳಿದುಹೋಗಿದೆ. ಭಾರತದಲ್ಲಿಯೂ ಹಿಂದೆ ಒಂದಕ್ಕೊಂದು ಕೂಡಿಕೊಂಡಿದ್ದ ಅದರ ನೆಲೆ ಈಗ ತುಂಡುತುಂಡಾಗಿದೆ. ಅಳಿವಿನ ಭಯ ತಪ್ಪಿದ್ದಕ್ಕೂ ಪೂರ್ತಿ ಚೇತರಿಸಿಕೊಂಡದ್ದಕ್ಕೂ ನಡುವೆ ಬಹಳ ಅಂತರವಿದೆ ಎಂಬುದನ್ನು ಮನಗಂಡು ಅದೇ ಒಕ್ಕೂಟ 2021ರಲ್ಲಿ ‘ಹಸಿರು ಸ್ಥಿತಿ’ ಎಂಬ ಇನ್ನೊಂದು ಅಳತೆಯನ್ನು ಜಾರಿಗೆ ತಂದಿತು. ಅದು ಸೊನ್ನೆಯಿಂದ ನೂರರವರೆಗೆ ಅಂಕ ಕೊಡುತ್ತದೆ. ಜೀವಿಯು ತನ್ನ ಮೂಲ ನೆಲೆಯ ಎಲ್ಲ ಭಾಗಗಳಲ್ಲೂ ಇರಬೇಕು, ಪ್ರತಿಯೊಂದು ಭಾಗದಲ್ಲೂ ಅಳಿವಿನ ಭಯವಿಲ್ಲದೆ ಇರಬೇಕು, ಪ್ರತಿಯೊಂದು ಭಾಗದಲ್ಲೂ ನಿಸರ್ಗದಲ್ಲಿ ತಾನು ಮಾಡಬೇಕಾದ ಕೆಲಸ ಮಾಡುತ್ತಿರಬೇಕು. ಮೂರೂ ಕೂಡಿದರೆ ಮಾತ್ರ ನೂರು.

ಒಂದು ಮಾತು ಮೊದಲೇ ಸ್ಪಷ್ಟಪಡಿಸಬೇಕು. ಅಧಿಕೃತವಾದ ಹಸಿರು ಸ್ಥಿತಿಯನ್ನು ಇಡೀ ಪ್ರಭೇದಕ್ಕೆ, ಅದರ ಸಂಪೂರ್ಣ ನೆಲೆಗೆ ಲೆಕ್ಕ ಹಾಕುತ್ತಾರೆ. ಮೂರು ಜಿಲ್ಲೆಗೆ ಸೀಮಿತವಾಗಿ ನಾವು ಮಾಡುವ ಲೆಕ್ಕ ಅದೇ ಕ್ರಮವನ್ನು ಎರವಲು ಪಡೆದ ಸ್ಥಳೀಯ ಅಳತೆಯಷ್ಟೇ. ವರದಿಯ ಮೊದಲ ಪುಟದಲ್ಲೇ ಹಾಗೆಂದು ಬರೆಯದಿದ್ದರೆ ಓದುವವರು ತಪ್ಪು ತಿಳಿಯುತ್ತಾರೆ.

ಮೂಲ ನೆಲೆಯನ್ನು ಗುರುತಿಸುವುದು

ಮೊದಲ ಕೆಲಸ ನಕಾಶೆಯದು. ಹಸಿರು ಸ್ಥಿತಿಯ ಕ್ರಮದಲ್ಲಿ ಮೂಲ ನೆಲೆಯೆಂದರೆ ಸಾಮಾನ್ಯವಾಗಿ 1750ರ ಹೊತ್ತಿಗೆ ಆ ಜೀವಿ ಎಲ್ಲೆಲ್ಲಿ ಇತ್ತೋ ಅದು. ನಮ್ಮ ಭಾಗಕ್ಕೆ ಅಷ್ಟು ಹಿಂದಿನ ಸಮೀಕ್ಷೆಯ ದಾಖಲೆ ಸಿಗುವುದಿಲ್ಲವಾದ್ದರಿಂದ ಬೇರೆ ಸುಳಿವುಗಳನ್ನು ಕೂಡಿಸಿಕೊಳ್ಳಬೇಕಾಗುತ್ತದೆ. 1948ರವರೆಗೆ ಈ ಮೂರೂ ಜಿಲ್ಲೆಗಳ ಪ್ರದೇಶ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಆ ಕಾಲದ ಗೆಜೆಟಿಯರ್‌ಗಳಲ್ಲಿ ಪ್ರಾಣಿಗಳ ಪ್ರಸ್ತಾಪ ಬರುತ್ತದೆ, ಬೇಟೆಯ ವರ್ಣನೆಗಳಲ್ಲೂ ಬರುತ್ತದೆ. ಇವುಗಳ ಜೊತೆಗೆ ಮಣ್ಣು ಮತ್ತು ಭೂರಚನೆಯ ನಕಾಶೆಗಳು ನೆರವಾಗುತ್ತವೆ, ಏಕೆಂದರೆ ಬಯಲಿನ ಪ್ರಾಣಿ ದಟ್ಟ ಕಾಡಿನಲ್ಲಿ ಇದ್ದಿರಲಾರದು. ಊರಿನ ಹೆಸರಿನಲ್ಲಿ ಚಿಗರಿಯೋ ತೋಳವೋ ಇದ್ದರೆ ಅದನ್ನು ಸುಳಿವೆಂದು ಗುರುತು ಹಾಕಿಕೊಳ್ಳಿ, ಸಾಕ್ಷ್ಯವೆಂದು ಎಣಿಸಬೇಡಿ.

ಹಿರಿಯರ ನೆನಪು ಬಹಳ ಬೆಲೆಯುಳ್ಳದ್ದು, ಆದರೆ ಕೇಳುವ ಕ್ರಮ ತಿಳಿದಿರಬೇಕು. “ಇಲ್ಲಿ ತೋಳ ಇವೆಯೇ” ಎಂದು ಕೇಳಿದರೆ ಮರ್ಯಾದೆಗಾಗಿಯಾದರೂ ಇವೆ ಎನ್ನುತ್ತಾರೆ. ಕೊನೆಯ ಸಲ ಕಂಡದ್ದು ಯಾವಾಗ, ಎಲ್ಲಿ, ಎಷ್ಟಿದ್ದವು ಎಂದು ಕೇಳಬೇಕು. ಆಳಂದ ಕಡೆಯ ಒಂದು ಕುರಿಹಟ್ಟಿಯಲ್ಲಿ ನಾನು “ಮುತ್ಯಾ, ತೋಳ ಕಡೀಕ ಯಾವಾಗ ನೋಡೀರಿ?” ಎಂದು ಕೇಳಿದಾಗ ಆ ಹಿರಿಯರು ತುಸು ಹೊತ್ತು ಸುಮ್ಮನಿದ್ದು, “ಹ್ವಾದ ವರ್ಷ ಎಳ್ಳಮಾಸಿ ಮುಂದ ಬಂದಿತ್ತು ನೋಡಪಾ, ಒಂದss ಇತ್ತು, ಹಳ್ಳ ಹಿಡದು ಹ್ವಾತು” ಎಂದರು. ಆ ಒಂದು ವಾಕ್ಯದಲ್ಲಿ ಕಾಲ, ಸಂಖ್ಯೆ, ದಾರಿ ಮೂರೂ ಇದ್ದವು. ತಾರೀಕು ನೆನಪಿರದವರಿಗೆ ಎಳ್ಳ ಅಮಾವಾಸ್ಯೆ, ಸೀಗಿ ಹುಣ್ಣಿಮೆ, ಶರಣಬಸವೇಶ್ವರ ಜಾತ್ರೆ ಇವೇ ಕ್ಯಾಲೆಂಡರು; ಇನ್ನೂ ಹಿಂದಿನದಕ್ಕೆ 1972ರ ಬರ, ಅದಕ್ಕೂ ಹಿಂದಿನದಕ್ಕೆ ರಜಾಕಾರರ ಕಾಲ. ಹೀಗೆ ಮೂವರು ಬೇರೆಬೇರೆ ಊರಿನವರು ಒಂದೇ ದಶಕವನ್ನು ಹೇಳಿದರೆ ಅದನ್ನು ದಾಖಲಿಸಬಹುದು.

ನೆಲೆ ಗುರುತಾದ ಮೇಲೆ ಅದನ್ನು ಭಾಗಗಳಾಗಿ ಒಡೆಯಬೇಕು. ತಾಲ್ಲೂಕಿನ ಗಡಿ ಪ್ರಾಣಿಗೆ ತಿಳಿಯುವುದಿಲ್ಲವಾದ್ದರಿಂದ ನೆಲದ ಗುಣವನ್ನು ನೋಡಿ ಒಡೆಯುವುದೇ ಸರಿ. ಕೃಷ್ಣಮೃಗದ ಮಟ್ಟಿಗೆ ನಾನು ಆರು ಭಾಗಗಳನ್ನು ಇಟ್ಟುಕೊಳ್ಳುತ್ತೇನೆ: ಬೀದರ್‌ನ ಮುರಕಲ್ಲಿನ ಪ್ರಸ್ಥಭೂಮಿ ಮತ್ತು ಮಾಂಜ್ರಾ ಕಣಿವೆ, ಚಿಂಚೋಳಿಯ ಕಾಡಂಚಿನ ಬಯಲು, ಆಳಂದ ಮತ್ತು ಅಫಜಲಪುರದ ಎರೆಭೂಮಿ, ಸೇಡಂ ಮತ್ತು ಚಿತ್ತಾಪುರದ ಕಾಗಿಣಾ ತೀರ, ಜೇವರ್ಗಿ ಸುತ್ತಿನ ಭೀಮಾ ತೀರ, ಶಹಾಪುರ ಮತ್ತು ಸುರಪುರದ ಗುಡ್ಡದ ತಪ್ಪಲಿನಿಂದ ಕೃಷ್ಣೆಯವರೆಗಿನ ಪ್ರದೇಶ. ಚಿಂಚೋಳಿ ವನ್ಯಜೀವಿಧಾಮ 2011ರಲ್ಲಿ ಘೋಷಣೆಯಾದದ್ದು, ವಿಸ್ತೀರ್ಣ ಸುಮಾರು 135 ಚದರ ಕಿಲೋಮೀಟರು. ಅದರ ಒಳಗಿನ ಮರಗಾಡನ್ನು ಚಿಗರಿಯ ನೆಲೆಯೆಂದು ಸೇರಿಸಿದರೆ ಅಂಕ ವಿನಾಕಾರಣ ಇಳಿಯುತ್ತದೆ. ತೋಳಕ್ಕೋ ಕಿರುಬಕ್ಕೋ ಅಳತೆ ಮಾಡುವಾಗ ಅದೇ ಕಾಡನ್ನು ಸೇರಿಸಿಕೊಳ್ಳಬೇಕಾಗಬಹುದು. ಭಾಗಗಳನ್ನು ಒಮ್ಮೆ ಗೊತ್ತುಮಾಡಿದ ಮೇಲೆ ಅಂಕ ಚೆನ್ನಾಗಿ ಬರಲೆಂದು ಗೆರೆ ಬದಲಾಯಿಸಬಾರದು.

ಎಣಿಕೆ

ಇಲ್ಲಿಯೇ ಹೆಚ್ಚು ತಪ್ಪು ನಡೆಯುವುದು, ಆದ್ದರಿಂದ ಇಲ್ಲಿ ನಿಧಾನಿಸುತ್ತೇನೆ.

ಋತುವಿನ ಆಯ್ಕೆ ಮೊದಲನೆಯದು. ಮಳೆಗಾಲದಲ್ಲಿ ಎರೆಮಣ್ಣಿನಲ್ಲಿ ಹತ್ತು ಹೆಜ್ಜೆ ನಡೆದರೆ ಚಪ್ಪಲಿಗೆ ಒಂದೊಂದು ಸೇರು ಮಣ್ಣು ಅಂಟಿಕೊಳ್ಳುತ್ತದೆ. ಮಳೆ ನಿಂತ ಮೇಲೆ ತೊಗರಿ ಆಳೆತ್ತರಕ್ಕೆ ಬೆಳೆದಿರುತ್ತದೆ, ಅದು ಕೊಯ್ಲಿಗೆ ಬರುವ ಹೊತ್ತಿಗೆ ಹಿಂಗಾರಿ ಜೋಳ ಎದ್ದಿರುತ್ತದೆ. ಜೋಳದೊಳಗೆ ನಿಂತ ಚಿಗರಿ ಇಪ್ಪತ್ತು ಮಾರು ದೂರದಲ್ಲಿದ್ದರೂ ಕಾಣುವುದಿಲ್ಲ. ಗಂಡಿನ ಕೋಡಿನ ತುದಿ ತೆನೆಗಳ ನಡುವೆ ಒಮ್ಮೆ ಅಲುಗಿದ್ದನ್ನು ಕಂಡು ನಾವು ಅಲ್ಲೇ ನಿಂತೆವು, ಸ್ವಲ್ಪ ಹೊತ್ತಿಗೆ ಅದೇ ಹೊಲದಿಂದ ಹನ್ನೊಂದು ಪ್ರಾಣಿಗಳು ಒಂದರ ಹಿಂದೊಂದು ಬದು ಹಾರಿ ಹೋದವು. ಹೀಗಾಗಿ ಜೋಳದ ಕೊಯ್ಲು ಮುಗಿದು ಹೊಲ ಬಯಲಾದ ಮಾರ್ಚ್ ತಿಂಗಳೇ ತಕ್ಕ ಕಾಲ. ಬೆಳಕು ಹರಿದ ಕೂಡಲೇ ಆರಂಭಿಸಿ ಒಂಬತ್ತು ಗಂಟೆಯೊಳಗೆ ಮುಗಿಸಬೇಕು. ಬಿಸಿಲೇರಿದ ಮೇಲೆ ಪ್ರಾಣಿಗಳು ಜಾಲಿಯ ನೆರಳು ಸೇರುತ್ತವೆ, ದೂರದ ನೆಲ ಬಿಸಿಗಾಳಿಗೆ ನೀರಿನಂತೆ ಅಲುಗಾಡಿ ತಲೆ ಎಣಿಸಲು ಬರುವುದಿಲ್ಲ. ಒಂದು ವರ್ಷ ಮಾರ್ಚಿನಲ್ಲಿ, ಮತ್ತೊಂದು ವರ್ಷ ಜನವರಿಯಲ್ಲಿ ಎಣಿಸಿ ಹೋಲಿಸಿದರೆ ಅಳೆದಂತಾಗುವುದು ಜೋಳದ ಎತ್ತರವೇ ಹೊರತು ಚಿಗರಿಯ ಸಂಖ್ಯೆಯಲ್ಲ.

ಎರಡನೆಯದು ಗೆರೆ. ಹಿಂಡು ಎಲ್ಲಿರುತ್ತದೆಂದು ಗೊತ್ತಿರುವ ಕಡೆಗೆ ಹೋಗಿ ಎಣಿಸುವುದು ಎಲ್ಲರೂ ಮಾಡುವ ತಪ್ಪು. ನಕಾಶೆಯ ಮೇಲೆ ಮೊದಲೇ ಚೀಟಿ ಎತ್ತಿ ಆಯ್ದ ಜಾಗಗಳಲ್ಲಿ ಎರಡೆರಡು ಕಿಲೋಮೀಟರಿನ ನೇರ ಗೆರೆಗಳನ್ನು ಎಳೆದುಕೊಂಡು, ಅದರಗುಂಟವೇ ನಡೆಯಬೇಕು. ಹಿಂಡು ಕಂಡಾಗ ಮೂರು ಸಂಗತಿ ಬರೆದುಕೊಳ್ಳಿ: ಎಷ್ಟು ಪ್ರಾಣಿ, ನಿಮ್ಮಿಂದ ಎಷ್ಟು ದೂರ, ನೀವು ನಡೆಯುವ ಗೆರೆಗೆ ಎಷ್ಟು ಕೋನ. ದೂರಕ್ಕೆ ಲೇಸರ್ ದೂರಮಾಪಕ, ಕೋನಕ್ಕೆ ದಿಕ್ಸೂಚಿ ಸಾಕು. ಮುನ್ನೂರು ಮೀಟರ್ ದೂರದಲ್ಲಿ, ಮೂವತ್ತು ಡಿಗ್ರಿ ಕೋನದಲ್ಲಿ ಕಂಡ ಹಿಂಡು ಗೆರೆಯಿಂದ ಲಂಬವಾಗಿ ನೂರೈವತ್ತು ಮೀಟರಿನಲ್ಲಿದೆ ಎಂದಾಗುತ್ತದೆ. ಲೆಕ್ಕಕ್ಕೆ ಬೇಕಾದದ್ದು ಈ ಲಂಬ ದೂರ. ದೂರ ಹೋದಂತೆ ಕಣ್ತಪ್ಪುವ ಹಿಂಡುಗಳು ಹೆಚ್ಚುತ್ತವಾದ್ದರಿಂದ, ಲಂಬ ದೂರಗಳ ಹಂಚಿಕೆಯಿಂದ ನಿಜವಾಗಿ ನಾವು ನೋಡಿದ ಪಟ್ಟಿಯ ಅಗಲವನ್ನು ಅಂದಾಜು ಮಾಡುತ್ತಾರೆ. ಈ ಅಂದಾಜು ನಂಬುವಂತಿರಬೇಕಾದರೆ ಅರವತ್ತರಿಂದ ಎಂಬತ್ತು ಹಿಂಡುಗಳಾದರೂ ದಾಖಲಾಗಿರಬೇಕು.

ಲೆಕ್ಕದ ರೂಪ ತೋರಿಸಲು ಕಲ್ಪಿತ ಸಂಖ್ಯೆಗಳನ್ನು ಇಟ್ಟುಕೊಳ್ಳೋಣ. ಹತ್ತು ಗೆರೆ, ಪ್ರತಿಯೊಂದು ಎರಡು ಕಿಲೋಮೀಟರು, ಆರಾರು ಸಲ ನಡೆದರೆ ಒಟ್ಟು 120 ಕಿಲೋಮೀಟರು. ಕಂಡದ್ದು 72 ಹಿಂಡು, ಸರಾಸರಿ ಹಿಂಡಿಗೆ 6, ಅಂದರೆ 432 ಪ್ರಾಣಿ. ಗೆರೆಯ ಒಂದೊಂದು ಬದಿಗೆ ಪರಿಣಾಮಕಾರಿ ಅಗಲ 250 ಮೀಟರೆಂದು ಬಂದರೆ, ನೋಡಿದ ಪ್ರದೇಶ 60 ಚದರ ಕಿಲೋಮೀಟರು, ಸಾಂದ್ರತೆ ಚದರ ಕಿಲೋಮೀಟರಿಗೆ 7.2. ಈ ಒಂದೇ ಸಂಖ್ಯೆಯನ್ನು ಪತ್ರಿಕೆಯವರಿಗೆ ಕೊಡಬೇಡಿ. ಅದರ ಜೊತೆಗೆ ಅನಿಶ್ಚಿತತೆಯ ವ್ಯಾಪ್ತಿಯನ್ನೂ ಕೊಡಬೇಕು. ಈ ವರ್ಷದ 7.2ರ ವ್ಯಾಪ್ತಿ 5ರಿಂದ 10ರವರೆಗೆ ಇದ್ದು, ಹಿಂದಿನ ವರ್ಷದ ಅಂದಾಜು 6.5 ಆಗಿದ್ದರೆ ಹೆಚ್ಚಳವಾಯಿತೆಂದು ಹೇಳಲು ಆಧಾರವಿಲ್ಲ. ಐದಾರು ವರ್ಷದ ಸಾಲು ಬೇಕು.

ನನ್ನದೇ ಒಂದು ತಪ್ಪನ್ನು ಹೇಳಿಬಿಡುತ್ತೇನೆ. ಮೊದಲ ವರ್ಷ ಎರಡು ತಂಡಗಳನ್ನು ಒಂದೇ ಡಾಂಬರು ರಸ್ತೆಯ ಎರಡು ಬದಿಗೆ ಅರ್ಧ ಗಂಟೆಯ ಅಂತರದಲ್ಲಿ ಕಳಿಸಿದ್ದೆ. ಮೊದಲ ತಂಡವನ್ನು ಕಂಡು ಬೆದರಿದ ಹಿಂಡು ರಸ್ತೆ ದಾಟಿ ಎರಡನೆಯ ತಂಡದ ಮುಂದೆ ಹೋಗಿ ನಿಂತಿತ್ತು. ಎರಡೂ ಚೀಟಿಯಲ್ಲಿ ಹದಿನಾಲ್ಕು ಪ್ರಾಣಿ, ಅದರಲ್ಲಿ ಒಂದು ಕೋಡು ಮುರಿದ ಗಂಡು ಒಂದು. ಆ ಮುರಿದ ಕೋಡಿನಿಂದಲೇ ತಪ್ಪು ಸಿಕ್ಕಿತು. ಅಂದಿನಿಂದ ಗೆರೆಗಳ ನಡುವೆ ಕನಿಷ್ಠ ಎರಡು ಕಿಲೋಮೀಟರ್ ಬಿಡುತ್ತೇವೆ, ಹಿಂಡು ಓಡಿದ ದಿಕ್ಕನ್ನೂ ಬರೆಯುತ್ತೇವೆ.

ಎಣಿಸುವಾಗ ಕರಿಯ ಗಂಡು, ಹೆಣ್ಣು, ಮರಿ ಎಂದು ಬೇರೆಬೇರೆ ಬರೆಯುವುದು ಅಗತ್ಯ. ಅಳಿವಿನ ಭಯವನ್ನು ಅಳೆಯುವಾಗ ಗಣನೆಗೆ ಬರುವುದು ಮರಿ ಹಾಕುವ ವಯಸ್ಸಿನ ಪ್ರಾಣಿಗಳು ಮಾತ್ರ. ನೂರು ಹೆಣ್ಣಿಗೆ ಎಷ್ಟು ಮರಿ ಎಂಬ ಪ್ರಮಾಣ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದ್ದರೆ, ಒಟ್ಟು ಸಂಖ್ಯೆ ಇನ್ನೂ ಕುಸಿಯದಿದ್ದರೂ, ತೊಂದರೆ ಆರಂಭವಾಗಿದೆ ಎಂದು ತಿಳಿಯಬೇಕು. ಊರನಾಯಿಗಳ ಕಾಟವಿರುವ ಕಡೆ ಇದನ್ನು ವಿಶೇಷವಾಗಿ ಗಮನಿಸಬೇಕು, ಏಕೆಂದರೆ ಅವುಗಳಿಗೆ ಮೊದಲು ಸಿಕ್ಕುವುದು ಮರಿಯೇ.

ತೋಳದಂಥ ವಿರಳ ಪ್ರಾಣಿಗೆ ಈ ಗೆರೆಯ ಕ್ರಮ ಒಗ್ಗುವುದಿಲ್ಲ. ಅಲ್ಲಿ ಇದೆಯೋ ಇಲ್ಲವೋ ಎಂಬುದನ್ನೇ ಅಳೆಯಬೇಕಾಗುತ್ತದೆ, ಅದಕ್ಕೆ ಒಂದೇ ಜಾಗಕ್ಕೆ ಹಲವು ಸಲ ಹೋಗಬೇಕು. ಪ್ರಾಣಿ ಇದ್ದರೂ ಒಂದು ಭೇಟಿಯಲ್ಲಿ ಹೆಜ್ಜೆಯೋ ಹಿಕ್ಕೆಯೋ ಕಾಣುವ ಸಂಭವ ನೂರಕ್ಕೆ 40 ಎಂದಿಟ್ಟುಕೊಂಡರೆ, ಮೂರು ಭೇಟಿಯಲ್ಲಿ ಒಮ್ಮೆಯಾದರೂ ಕಾಣುವ ಸಂಭವ ನೂರಕ್ಕೆ 78. ಮೂರು ಸಲ ಹೋಗಿ ಬರಿಗೈಯಲ್ಲಿ ಬಂದರೂ ‘ಇಲ್ಲ’ ಎಂದು ಖಚಿತವಾಗಿ ಬರೆಯುವಂತಿಲ್ಲ ಎಂದರ್ಥ. ಯಾದಗಿರಿ ಜಿಲ್ಲೆಯ ಬೋನಾಳ ಕೆರೆಯಂಥ ಜಾಗದ ಜಲಪಕ್ಷಿಗಳ ಎಣಿಕೆ ಇದಕ್ಕಿಂತ ಸುಲಭ: ಒಂದೇ ಮುಂಜಾನೆ, ಕೆರೆಯ ಸುತ್ತ ಗೊತ್ತುಮಾಡಿದ ಜಾಗಗಳಿಂದ, ಎಲ್ಲ ತಂಡಗಳೂ ಒಂದೇ ಹೊತ್ತಿಗೆ ಎಣಿಸಬೇಕು.

ವನ್ಯಜೀವಿಧಾಮದೊಳಗೆ ಹೋಗುವುದಕ್ಕೂ ಪ್ರಾಣಿ ಹಾದಾಗ ತಾನೇ ಚಿತ್ರ ತೆಗೆಯುವ ಕ್ಯಾಮೆರಾ ಬಲೆ ಇಡುವುದಕ್ಕೂ ಅರಣ್ಯ ಇಲಾಖೆಯ ಅನುಮತಿ ಬೇಕು. ತೋಳದ ಗುಹೆಯ ಜಾಗವನ್ನು ಮೊಬೈಲಿನ ಯಾವ ಗುಂಪಿಗೂ ಹಾಕಬಾರದು.

ಅಂಕ ಹಾಕುವುದು

ಪ್ರತಿಯೊಂದು ಭಾಗಕ್ಕೂ ನಾಲ್ಕು ಸ್ಥಿತಿಗಳಲ್ಲಿ ಒಂದನ್ನು ಕೊಡಬೇಕು. ಇಲ್ಲದಿದ್ದರೆ 0, ಇದ್ದರೂ ಅಳಿವಿನ ಭಯವಿದ್ದರೆ 3, ಭಯವಿಲ್ಲದೆ ನೆಲೆಯೂರಿದ್ದರೆ 6, ನೆಲೆಯೂರಿ ತನ್ನ ನೈಸರ್ಗಿಕ ಕೆಲಸವನ್ನೂ ಮಾಡುತ್ತಿದ್ದರೆ 9. ನೆಲೆಯೂರಿದೆಯೇ ಎಂಬುದನ್ನು ಕೆಂಪು ಪಟ್ಟಿಯ ಮಾನದಂಡವನ್ನೇ ಆ ಭಾಗಕ್ಕೆ ಅನ್ವಯಿಸಿ ನೋಡುತ್ತಾರೆ: ವಯಸ್ಕ ಪ್ರಾಣಿಗಳು 1000ಕ್ಕಿಂತ ಕಡಿಮೆಯಿದ್ದರೆ, ಅಥವಾ ಹತ್ತು ವರ್ಷ ಇಲ್ಲವೇ ಮೂರು ತಲೆಮಾರು, ಇವೆರಡರಲ್ಲಿ ಯಾವುದು ಹೆಚ್ಚೋ ಅಷ್ಟರಲ್ಲಿ ನೂರಕ್ಕೆ 30 ಅಥವಾ ಅದಕ್ಕಿಂತ ಹೆಚ್ಚು ಇಳಿದಿದ್ದರೆ ಅದು ಅಪಾಯದ ಸ್ಥಿತಿ.

ಮತ್ತೆ ಕಲ್ಪಿತ ಉದಾಹರಣೆ: ಆರು ಭಾಗಗಳಲ್ಲಿ ಒಂದಕ್ಕೆ 9, ಒಂದಕ್ಕೆ 6, ಮೂರಕ್ಕೆ ತಲಾ 3, ಒಂದಕ್ಕೆ 0. ಕೂಡಿದರೆ 24. ಆರೂ ಭಾಗ ಪೂರ್ಣಾಂಕ ಪಡೆದಿದ್ದರೆ 54. ಆದ್ದರಿಂದ ಅಂಕ ನೂರಕ್ಕೆ 44. ಹಸಿರು ಸ್ಥಿತಿಯ ವರ್ಗೀಕರಣದಲ್ಲಿ 20ರಿಂದ 50ರ ನಡುವೆ ಬಂದದ್ದು ‘ಬಹಳ ಕುಗ್ಗಿದೆ’ ಎಂಬ ವರ್ಗ. 80ರವರೆಗೆ ‘ಸಾಧಾರಣವಾಗಿ ಕುಗ್ಗಿದೆ’, ಅದರ ಮೇಲೆ ನೂರು ಮುಟ್ಟುವವರೆಗೆ ‘ಸ್ವಲ್ಪ ಕುಗ್ಗಿದೆ’, 20ರ ಕೆಳಗೆ ‘ವಿಪರೀತ ಕುಗ್ಗಿದೆ’.

ವಾದ ಹುಟ್ಟುವುದು 6 ಮತ್ತು 9ರ ನಡುವೆ. ಚಿಗರಿಯ ಕೆಲಸವೆಂದರೆ ಹುಲ್ಲು ಮೇಯುವುದು, ಬೀಜ ಹರಡುವುದು, ತೋಳಕ್ಕೆ ಆಹಾರವಾಗುವುದು. ಅದನ್ನು ಬೆನ್ನಟ್ಟಿ ಹಿಡಿಯುತ್ತಿದ್ದ ಸಿವಂಗಿ (ಚೀತಾ) ಭಾರತದಲ್ಲಿ ಅಳಿದುಹೋಗಿದೆ ಎಂದು ಘೋಷಿಸಿದ್ದೇ 1952ರಲ್ಲಿ. ತೋಳವೂ ಸುಳಿಯದ, ತೊಗರಿ ಮತ್ತು ಕಡಲೆಯ ಚಿಗುರನ್ನೇ ನಂಬಿಕೊಂಡ ಹಿಂಡು ಎಷ್ಟು ದೊಡ್ಡದಾಗಿದ್ದರೂ ಆ ಭಾಗಕ್ಕೆ ನಾನು 9 ಕೊಡುವುದಿಲ್ಲ, 6ಕ್ಕೆ ನಿಲ್ಲಿಸುತ್ತೇನೆ. ಬೀಜ ಹರಡುವ ಕೆಲಸವೂ ಈಗ ಹಿಂದಿನಂತಿಲ್ಲ: ಗುಜರಾತಿನ ವೇಳಾವದರದಲ್ಲಿ ನಡೆದ ಅಧ್ಯಯನಗಳ ಪ್ರಕಾರ ಕೃಷ್ಣಮೃಗಗಳು ಬಳ್ಳಾರಿ ಜಾಲಿಯ ಕಾಯಿ ತಿಂದು ಅದರ ಬೀಜವನ್ನು ಹುಲ್ಲುಗಾವಲಿಗೆ ಹರಡುತ್ತವೆ, ಆ ಜಾಲಿ ಮುಂದೆ ಹುಲ್ಲನ್ನೇ ನುಂಗುತ್ತದೆ. ನಮ್ಮ ಗಾಯರಾಣಗಳಲ್ಲಿ ಜಾಲಿ ಎಷ್ಟು ಹಬ್ಬಿದೆ ಎಂಬುದನ್ನೂ ಅದೇ ಗೆರೆಗಳಗುಂಟ ಅಳೆದಿಟ್ಟರೆ ಈ ನಿರ್ಣಯ ಸುಲಭವಾಗುತ್ತದೆ.

ಸಂರಕ್ಷಣೆ ಮಾಡಿದ್ದೇನು ಎಂಬ ಲೆಕ್ಕ

44 ಎಂಬ ಅಂಕ ಇಂದಿನ ಸ್ಥಿತಿಯನ್ನು ಹೇಳಿತೇ ಹೊರತು ಅದರಲ್ಲಿ ಸಂರಕ್ಷಣೆಯ ಪಾಲೆಷ್ಟು ಎಂದು ಹೇಳಲಿಲ್ಲ. ಅದಕ್ಕೆ ಹಸಿರು ಸ್ಥಿತಿಯಲ್ಲಿ ನಾಲ್ಕು ಪ್ರಶ್ನೆಗಳಿವೆ. 1950ರಿಂದೀಚೆಗೆ ಯಾವ ರಕ್ಷಣೆಯೂ ಇಲ್ಲದಿದ್ದರೆ ಇಂದಿನ ಅಂಕ ಎಷ್ಟಿರುತ್ತಿತ್ತು? ಇಂದಿನಿಂದ ರಕ್ಷಣೆ ನಿಲ್ಲಿಸಿದರೆ ಹತ್ತು ವರ್ಷದಲ್ಲಿ ಎಷ್ಟಕ್ಕೆ ಇಳಿದೀತು? ರಕ್ಷಣೆ ಮುಂದುವರಿದರೆ ಅದೇ ಅವಧಿಯಲ್ಲಿ ಎಷ್ಟಕ್ಕೆ ಏರೀತು? ನೂರು ವರ್ಷದಲ್ಲಿ ಸಾಧ್ಯವಿರುವ ಗರಿಷ್ಠ ಅಂಕ ಯಾವುದು? ಇಂದಿನ ಅಂಕಕ್ಕೂ ಒಂದೊಂದು ಉತ್ತರಕ್ಕೂ ಇರುವ ವ್ಯತ್ಯಾಸವೇ ಅಳತೆ.

ಮೊದಲ ಪ್ರಶ್ನೆ ಕಷ್ಟದ್ದು, ಏಕೆಂದರೆ ನಡೆಯದೇ ಹೋದದ್ದನ್ನು ಊಹಿಸಬೇಕು. ರಣಹದ್ದಿನ ವಿಷಯ ಇದನ್ನು ಅರ್ಥಮಾಡಿಸುತ್ತದೆ. ದನಗಳಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಎಂಬ ನೋವಿನ ಔಷಧ ಸತ್ತ ದನದ ಮಾಂಸದ ಮೂಲಕ ಹೊಟ್ಟೆ ಸೇರಿ, ಭಾರತದ ಬಿಳಿಬೆನ್ನಿನ ರಣಹದ್ದುಗಳು 1990ರ ದಶಕದಿಂದ 2007ರೊಳಗೆ ನೂರಕ್ಕೆ 99ಕ್ಕಿಂತ ಹೆಚ್ಚು ಅಳಿದವು. 2006ರಲ್ಲಿ ಪಶುಚಿಕಿತ್ಸೆಗೆ ಆ ಔಷಧದ ಬಳಕೆಯನ್ನು ನಿಷೇಧಿಸಲಾಯಿತು, ಆ ಬಳಿಕ ಇಳಿತದ ವೇಗ ತಗ್ಗಿತು. ಇಂದು ಈ ಹಕ್ಕಿಗೆ ಹಾಕುವ ಅಂಕ ತೀರಾ ಕಡಿಮೆಯೇ ಇದ್ದೀತು. ಆದರೆ ನಿಷೇಧವಿಲ್ಲದಿದ್ದರೆ ಇದಕ್ಕಿಂತ ಕೆಳಗಿರುತ್ತಿತ್ತು, ಅಷ್ಟು ಅಂತರವೇ ನಿಷೇಧದ ಫಲ.

ಚಿಗರಿಯ ಮಟ್ಟಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇಂಥದ್ದೇ ತಿರುವು. ಕಾಯ್ದೆಗೆ ಮೊದಲು ಮತ್ತು ಅನಂತರ ಎಂದು ಹೋಲಿಸಿದರೆ ಸಾಲದು, ಆ ಐವತ್ತು ವರ್ಷಗಳಲ್ಲಿ ನೀರಾವರಿ, ರಸ್ತೆ, ಬೆಳೆ ಎಲ್ಲವೂ ಬದಲಾಗಿವೆ. ಒಂದೇ ಬಗೆಯ ಮಣ್ಣು ಮತ್ತು ಬೆಳೆಯಿರುವ ಎರಡು ಜಾಗಗಳನ್ನು, ಒಂದು ಮೀಸಲು ಅರಣ್ಯದ ಪಕ್ಕದ್ದು, ಇನ್ನೊಂದು ರಕ್ಷಣೆಯಿಲ್ಲದ್ದು, ಆರಿಸಿಕೊಂಡು ಎರಡನ್ನೂ ವರ್ಷವರ್ಷ ಎಣಿಸುತ್ತ ಬಂದರೆ ಊಹೆಗೆ ಆಧಾರ ಸಿಗುತ್ತದೆ. ಬೀದರ್ ಹತ್ತಿರದ ಹೊನ್ನಿಕೇರಿ ಅರಣ್ಯದ ಸುತ್ತಲಿನ ಬಯಲು ಇಂಥ ಹೋಲಿಕೆಗೆ ತಕ್ಕುದು. ಉತ್ತರವನ್ನು ಒಂದೇ ಸಂಖ್ಯೆಯಾಗಿ ಬರೆಯದೆ ಕನಿಷ್ಠ, ಗರಿಷ್ಠ, ಹೆಚ್ಚು ಸಂಭವನೀಯ ಎಂದು ಮೂರಾಗಿ ಬರೆಯಬೇಕು.

ನೂರು ವರ್ಷದ ಪ್ರಶ್ನೆಗೆ ಉತ್ತರ ಬರೆಯುವಾಗ ಪ್ರಾಮಾಣಿಕತೆ ಬೇಕು. ಪಕ್ಕದ ಸೊಲ್ಲಾಪುರ ಜಿಲ್ಲೆಯ ನಾನ್ನಜ ಅಭಯಾರಣ್ಯವನ್ನು ಎರ್ಲಡ್ಡು (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಗಾಗಿಯೇ ಮಾಡಿದ್ದರೂ ಆ ಹಕ್ಕಿ ದಖ್ಖನ್ನಿನ ಬಯಲಿನಿಂದ ಬಹುಮಟ್ಟಿಗೆ ಮರೆಯಾಗಿದೆ. ಆ ಭಾಗಗಳಿಗೆ 0 ಎಂದೇ ಬರೆಯಬೇಕು. ನೆಲೆಯ ಪಟ್ಟಿಯಿಂದಲೇ ಅವನ್ನು ತೆಗೆದುಹಾಕಿದರೆ ಅಂಕ ಏರುತ್ತದೆ, ಆದರೆ ಕಳೆದುಕೊಂಡದ್ದರ ದಾಖಲೆಯೂ ಅದರೊಂದಿಗೆ ಹೋಗುತ್ತದೆ. ಊರು, ಹೊಲ, ಕಾರ್ಖಾನೆ ಇರುವ ನೆಲದಲ್ಲಿ ಚಿಗರಿಗೂ ನೂರಂಕ ಸಾಧ್ಯವಿಲ್ಲ, ಅದನ್ನು ಗುರಿಯಾಗಿ ಇಡಬೇಕಾಗಿಯೂ ಇಲ್ಲ. ಬೆಳೆ ಹಾಳಾದ ರೈತರಿಗೆ ಪರಿಹಾರ ಎಷ್ಟು ದಿನಕ್ಕೆ ಸಿಕ್ಕಿತು ಎಂಬುದನ್ನೂ ನಾನು ಇದೇ ಕಡತದಲ್ಲಿ ಬರೆದಿಡುತ್ತೇನೆ. ಅದು ಹಸಿರು ಸ್ಥಿತಿಯ ಅಂಕಕ್ಕೆ ಸೇರುವುದಿಲ್ಲ, ಆದರೆ ಎರಡನೆಯ ಪ್ರಶ್ನೆಗೆ, ಅಂದರೆ ರಕ್ಷಣೆ ಸಡಿಲವಾದರೆ ಏನಾದೀತು ಎಂಬುದಕ್ಕೆ, ಅದರಷ್ಟು ನೇರವಾದ ಸುಳಿವು ಬೇರೆಲ್ಲೂ ಸಿಕ್ಕಿಲ್ಲ.

ಕಡತದಲ್ಲಿ ಗೆರೆಗಳ ನಕಾಶೆ, ಪ್ರತಿ ನಡಿಗೆಯ ಮೂಲ ಚೀಟಿ, ಅಂಕ ಕೊಟ್ಟವರ ಹೆಸರು, ಕೊಟ್ಟ ಕಾರಣ ಇವಿಷ್ಟು ಇರಬೇಕು. ಮೂಲ ಚೀಟಿಯನ್ನು ಪೆನ್ಸಿಲಿನಲ್ಲಿ ಬರೆಸಿ. ಮಾರ್ಚಿನ ಬೆವರಿಗೆ ಪೆನ್ನಿನ ಮಸಿ ಹರಡುತ್ತದೆ. ಸಾಂದ್ರತೆಯ ಎಣಿಕೆ ಪ್ರತಿ ವರ್ಷ ನಡೆಯಲಿ, ಅಂಕದ ಮರುಲೆಕ್ಕ ಐದು ವರ್ಷಕ್ಕೊಮ್ಮೆ ಸಾಕು, ಆಗ ಹಿಂದಿನ ಸಲ ಅಂಕ ಕೊಟ್ಟವರ ಜೊತೆಗೆ ಹೊಸಬರೊಬ್ಬರು ಹಳೆಯ ಅಂಕ ನೋಡದೆಯೇ ಬೇರೆಯಾಗಿ ಲೆಕ್ಕ ಹಾಕಲಿ.